ನಕ್ಷೆ ಬೆಂಗಳೂರಿಂದು, ಬಿಸಿಲು ಜಮಖಂಡಿದು!

ಊರಲ್ಲಿ ಮನೆ ಕಟ್ಟೋಣ ಅಂತ ಮಾತಾದ ವಾರದೊಳಗೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. 30x40, ಪೂರ್ವಾಭಿಮುಖ, ಕೆಳಗೆ ಕಾರ್ ಪಾರ್ಕಿಂಗ್, ಹಾಲ್, ಓಪನ್ ಕಿಚನ್, ಅಟ್ಯಾಚ್ಡ್ ಬೆಡ್‌ರೂಮ್ ಎರಡು. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತು ಹುಡುಕಿ ತೆಗೆದದ್ದು. ಅಪ್ಪ ಹೆಬ್ಬೆರಳು ಒತ್ತುತ್ತಾರೆ. ಅವ್ವ ಮಾತ್ರ ಒಂದು ಪ್ರಶ್ನೆ ಕೇಳುತ್ತಾಳೆ: “ರೊಟ್ಟಿ ಎಲ್ಲಿ ಕುಂತು ಬಡೀಲಿ?”

ಆ ಪ್ರಶ್ನೆಗೆ ಉತ್ತರ ಪಿಡಿಎಫ್‌ನಲ್ಲಿ ಇರುವುದಿಲ್ಲ. ಯಾಕೆಂದರೆ ಆ ನಕ್ಷೆಗೆ ಜೋಳದ ರೊಟ್ಟಿ ಗೊತ್ತಿಲ್ಲ, ಎರಿ ಮಣ್ಣು ಗೊತ್ತಿಲ್ಲ, ಮುಧೋಳದ ಮೇ ತಿಂಗಳೂ ಗೊತ್ತಿಲ್ಲ.

ಬಿಸಿಲಿನಿಂದಲೇ ಶುರು ಮಾಡೋಣ. ನಮ್ಮ ಭಾಗ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದ ಒಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನಿಮ್ಮ ನೆರಳು ನಿಮ್ಮ ಕಾಲಡಿಗೇ ಬೀಳುತ್ತದೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ಬೇಸಿಗೆಯಲ್ಲಿ ನಿಮ್ಮ ಮನೆಗೆ ಅತಿ ಹೆಚ್ಚು ಬಿಸಿ ಬರೋದು ಗೋಡೆಯಿಂದಲ್ಲ, ಮೇಲಿನ ಸ್ಲ್ಯಾಬಿನಿಂದ. ಐದು ಇಂಚಿನ ಕಾಂಕ್ರೀಟು ಹಗಲೆಲ್ಲ ಕಾದು, ರಾತ್ರಿ ನೀವು ಮಲಗುವ ಹೊತ್ತಿಗೆ ಆ ಬಿಸಿಯನ್ನು ಕೋಣೆಯೊಳಗೆ ಬಿಡುತ್ತದೆ. ಫ್ಯಾನು ತಿರುಗಿದರೆ ಅದೇ ಬಿಸಿ ಗಾಳಿ ಮೈಮೇಲೆ.

ಅಜ್ಜನ ಕಾಲದ ಮೇಲ್ಮುದ್ದೆ ಮನೆಗಳಲ್ಲಿ ಈ ತಾಪತ್ರಯ ಇರಲಿಲ್ಲ. ತೊಲೆ, ಜಂತಿ, ಅದರ ಮೇಲೆ ದಪ್ಪ ಮಣ್ಣು. ಗೋಡೆಗಳೂ ಎರಡು-ಮೂರು ಅಡಿ ದಪ್ಪ. ಅಂಕಣದ ಲೆಕ್ಕದಲ್ಲಿ ಮನೆ: ತಲೆಬಾಗಿಲು ದಾಟಿದರೆ ತಗ್ಗಿನಲ್ಲಿ ದನದ ಜಾಗ, ಒಂದು ಮೆಟ್ಟಿಲು ಮೇಲೆ ಪಡಸಾಲೆ, ಒಳಗೆ ದೇವರ ಜಗುಲಿ, ಅಡುಗೆ ಮನೆ, ಹಿಂದೆ ಬಚ್ಚಲು, ಹಿತ್ತಲು. ತಂಪು ಇತ್ತು ನಿಜ. ಆದರೆ ಇದನ್ನು ಹಾಡಿ ಹೊಗಳುವವರು ಒಂದು ಮಾತು ಮರೆಯುತ್ತಾರೆ. ಬೆಳಕಿಂಡಿಯ ಒಂದು ಹಿಡಿ ಬೆಳಕಿನಲ್ಲಿ, ಒಲೆಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತವರು ನಮ್ಮ ಅಜ್ಜಿಯರು. ತಂಪು ಎಲ್ಲರಿಗೂ ಸಿಕ್ಕಿತು, ಕತ್ತಲೆ ಅವರಿಗೆ ಮಾತ್ರ. ಹಾಗಾಗಿ ಹಳೇ ಮನೆಯಿಂದ ತಂಪಿನ ಲೆಕ್ಕ ತಗೊಳ್ಳಿ, ಅಡುಗೆ ಮನೆಯ ಲೆಕ್ಕ ಬೇಡ.

ಈಗ ಪಶ್ಚಿಮದ ಗೋಡೆಗೆ ಬರೋಣ. ಇದೇ ನಮ್ಮ ಭಾಗದ ನಕ್ಷೆಯ ನಿಜವಾದ ತಲೆನೋವು. ಏಪ್ರಿಲ್-ಮೇದಲ್ಲಿ ಸಂಜೆ ನಾಲ್ಕರ ಬಿಸಿಲು ಪಡುವಣ ಗೋಡೆಯನ್ನು ಸುಡುತ್ತದೆ. ಸೂರ್ಯ ಕೆಳಗಿಳಿದಿರುವುದರಿಂದ ಕಿಟಕಿ ಮೇಲಿನ ಸಜ್ಜಾ ಏನೂ ತಡೆಯೋದಿಲ್ಲ. ಹಾಗಂತ ಆ ಕಡೆ ಕಿಟಕಿಯೇ ಬೇಡ ಅನ್ನುವಂತೆಯೂ ಇಲ್ಲ, ಯಾಕಂದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸೋದೂ ಪಡುವಣ ಮತ್ತು ನೈಋತ್ಯದಿಂದಲೇ. ವಾಸ್ತು ಹೇಳುವವರು ಯಜಮಾನರ ಕೋಣೆಯನ್ನು ನೈಋತ್ಯಕ್ಕೇ ಇಡಿಸುತ್ತಾರೆ. ಇಡಿ, ಹಿರಿಯರ ಮನಸ್ಸು ನೋಯಿಸಿ ಮನೆ ಕಟ್ಟೋದು ಯಾಕೆ? ಆದರೆ ಆ ಕೋಣೆಯ ಪಶ್ಚಿಮ ಗೋಡೆಗೆ ಕಪಾಟು ಬರಲಿ, ಹೊರಗೆ ಜಾಳಿ ಅಥವಾ ಒಂದು ಬೇವಿನ ಗಿಡ ಬರಲಿ, ಗಾಳಿಗೆ ದಕ್ಷಿಣದ ಕಿಟಕಿ ದೊಡ್ಡದಾಗಲಿ. ಉಳಿದ ಪಶ್ಚಿಮದ ಉದ್ದಕ್ಕೂ ಮೆಟ್ಟಿಲು, ಬಚ್ಚಲು, ಸ್ಟೋರ್ ಜೋಡಿಸಿದರೆ ಬಿಸಿಲನ್ನು ಅವು ತಿನ್ನುತ್ತವೆ. ಒಂದು ಮಾತು ನೆನಪಿರಲಿ: ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ಎದುರು ದಾರಿ ಬೇಕು. ಒಂದೇ ಕಿಟಕಿಯ ಕೋಣೆಗೆ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಗಾಳಿ ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತದೆ.

ಸ್ಲ್ಯಾಬಿನ ಮೇಲೆ ಬಿಳಿ ಟೈಲ್ಸ್ ಚೂರು ಹಾಕಿಸಿ, ಇಲ್ಲವೇ ಪ್ರತಿ ವರ್ಷ ಯುಗಾದಿಗೆ ಮೊದಲು ಸುಣ್ಣ ಬಳಿಸಿ. ಮಾಳಿಗೆಗೆ ಹೋಗುವ ಮೆಟ್ಟಿಲು ಹಗುರಾಗಿರಲಿ. ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಒಣಗುವುದೂ ಅಲ್ಲೇ, ಕರೆಂಟ್ ಹೋದ ರಾತ್ರಿ ಮನೆಮಂದಿ ಹಾಸಿಕೊಂಡು ಮಲಗೋದೂ ಅಲ್ಲೇ.

ರೊಟ್ಟಿಯ ವಿಷಯ. ನಿಂತು ಅಡುಗೆ ಮಾಡುವ ಕಟ್ಟೆಯ ಎತ್ತರದಲ್ಲಿ ರೊಟ್ಟಿ ಬಡಿದರೆ ಭುಜ ಹೋಗುತ್ತದೆ, ಬಡಿಯಲು ಕೈ ಮೇಲಿಂದ ಬೀಳಬೇಕು. ಅದಕ್ಕೆ ಕಟ್ಟೆಯ ಒಂದು ತುದಿಯನ್ನು ಮೂರು-ನಾಲ್ಕು ಇಂಚು ತಗ್ಗಿಸಿ, ಪಕ್ಕದಲ್ಲೇ ಒಂದು ಬರ್ನರ್ ಕೊಟ್ಟರೆ ಆಯ್ತು. ಅವ್ವ ಕೂತೇ ಬಡಿಯುತ್ತಾಳೆ ಅಂದರೆ ಹಿಂದಿನ ವರಾಂಡದಲ್ಲಿ ನೆರಳಿರುವ ಒಂದು ಮೂಲೆ ಬಿಡಿ. ಅಳತೆ ತಗೊಳ್ಳುವಾಗ ಗೌಂಡಿಯನ್ನಲ್ಲ, ಅವ್ವನನ್ನು ನಿಲ್ಲಿಸಿ. ಓಪನ್ ಕಿಚನ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಒಗ್ಗರಣೆಯ ಘಾಟು ಸೋಫಾಕ್ಕೆ ಬೇಕಿಲ್ಲ. ಜೋಳದ ಚೀಲ, ಬೆಲ್ಲದ ಪೆಂಟಿ, ಉಳ್ಳಾಗಡ್ಡಿ ಇಡೋಕೆ ಗಾಳಿ ಆಡುವ ಒಂದು ಕೋಣೆ ಬೇಕೇ ಬೇಕು. ಹೊಲ ಇರುವ ಮನೆ ತಿಂಗಳ ರೇಷನ್ನಿನ ಮೇಲೆ ನಡೆಯೋದಿಲ್ಲ.

ರಬಕವಿ-ಬನಹಟ್ಟಿಯವರ ನಕ್ಷೆ ಇನ್ನೂ ಬೇರೆ. ಅಲ್ಲಿ ಮನೆಯೊಳಗೆ ಮಗ್ಗವೂ ಒಂದು ಸದಸ್ಯ. ಕುಣಿ ಮಗ್ಗವಾದರೆ ನೇಕಾರನ ಕಾಲು ನೆಲದ ಕುಣಿಯೊಳಗೆ ಇಳಿಯಬೇಕು, ಹಾಗಾಗಿ ಅದು ನೆಲಮಹಡಿಯಲ್ಲೇ ಆಗಬೇಕು. ವಿದ್ಯುತ್ ಮಗ್ಗವಾದರೆ ಸದ್ದು ಮತ್ತು ನಡುಕ. ಮಲಗುವ ಕೋಣೆಗೂ ಮಗ್ಗದ ಕೋಣೆಗೂ ಒಂದೇ ಗೋಡೆ ಇಟ್ಟರೆ ಮಗು ಓದುವುದೂ ಇಲ್ಲ, ಅಜ್ಜ ಮಲಗುವುದೂ ಇಲ್ಲ. ನಡುವೆ ಸ್ಟೋರ್, ಮೆಟ್ಟಿಲು ಅಥವಾ ಒಂದು ಪುಟ್ಟ ತೆರೆದ ಅಂಗಳ ಬಂದರೆ ಸದ್ದು ಅರ್ಧ ಅಲ್ಲೇ ಸಾಯುತ್ತದೆ. ನೂಲು ಬರಲು, ಸೀರೆ ಹೋಗಲು ಬೀದಿಗೆ ಸ್ವಂತ ಬಾಗಿಲಿರಲಿ. ಹತ್ತಿಯ ಧೂಳು ಅಡುಗೆ ಮನೆಗೆ ಬರದ ಹಾಗೆ ಕಿಟಕಿಯ ದಿಕ್ಕು ನೋಡಿ. ಮಕ್ಕಳು ಇಂಜಿನಿಯರಿಂಗ್ ಓದಿ ಹೊರಗೆ ಹೋದ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳೋದಿಲ್ಲ: ಅಪ್ಪನ ನಂತರ ಈ ಮಗ್ಗ ಯಾರು ನಡೆಸ್ತಾರೆ? ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಆ ಕೋಣೆಗೆ ನೀರಿನ ಪೈಪು, ಒಂದು ಟಾಯ್ಲೆಟ್ಟಿಗೆ ಜಾಗ ಈಗಲೇ ಬಿಟ್ಟಿಟ್ಟರೆ ಮುಂದೆ ಅದು ಅಂಗಡಿಯಾಗಬಹುದು, ಬಾಡಿಗೆ ಮನೆಯಾಗಬಹುದು, ನಿಮ್ಮ ಆಫೀಸೇ ಆಗಬಹುದು.

ನಕ್ಷೆಗಿಂತ ಮೊದಲು ನೋಡಬೇಕಾದ್ದು ನೆಲ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಆ ಮಣ್ಣಿನಲ್ಲೇ ನಿಂತರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ. ಗಟ್ಟಿ ಗರಸು ಸಿಗುವವರೆಗೆ ಅಗೆಯಬೇಕು, ಅದು ತುಂಬ ಆಳದಲ್ಲಿದ್ದರೆ ಇಂಜಿನಿಯರ್ ಹೇಳುವ ಪೈಲ್ ಫೌಂಡೇಶನ್‌ಗೆ ದುಡ್ಡು ತೆಗೆದಿಡಬೇಕು. ಬಚ್ಚಲಿನ ನೀರು ಗೋಡೆ ಬುಡದಲ್ಲಿ ನಿಲ್ಲಬಾರದು. ಬಚ್ಚಲುಗಳನ್ನು ಒಂದೇ ಕಡೆ ಜೋಡಿಸಿ ಅನ್ನೋದು ಪೈಪಿನ ಉಳಿತಾಯಕ್ಕಷ್ಟೇ ಅಲ್ಲ, ಈ ಮಣ್ಣಿಗೂ.

ನದಿಯ ಕಡೆ ಜಾಗ ತಗೊಂಡವರು 2019ರ ಆಗಸ್ಟ್ ನೆನಪಿಡಿ. ಕೃಷ್ಣಾ, ಘಟಪ್ರಭಾ ಎರಡೂ ಊರೊಳಗೆ ಬಂದಿದ್ದವು. ಆಗ ನೀರು ಎಲ್ಲಿವರೆಗೆ ನಿಂತಿತ್ತು ಅಂತ ಪಕ್ಕದ ಓಣಿಯ ಹಿರಿಯರನ್ನು ಕೇಳಿ. ನಿಮ್ಮ ಪ್ಲಾಟಿನಲ್ಲೇ ನಿಂತಿತ್ತು ಅಂದರೆ ಪಾಯ ಎತ್ತರಿಸುವ ಮಾತಿಗಿಂತ ಬೇರೆ ಪ್ಲಾಟು ನೋಡುವ ಮಾತೇ ಒಳ್ಳೆಯದು. ಬೀಳಗಿ ಮತ್ತು ಜಮಖಂಡಿಯ ನದಿ ದಂಡೆಯವರಿಗೆ ಇನ್ನೊಂದು ಲೆಕ್ಕ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್‌ಗೆ, ಯೋಜನೆ ಇರುವುದು 524.256ಕ್ಕೆ. ನಿಮ್ಮ ಸರ್ವೆ ನಂಬರ್ ಆ ಗೆರೆಯೊಳಗೆ ಬರುತ್ತದಾ ಅಂತ ಬಾಗಲಕೋಟೆ ನವನಗರದ ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಿ. ನವನಗರ ಹುಟ್ಟಿದ್ದೇ ಹಳೇ ಬಾಗಲಕೋಟೆಗೆ ಈ ನೀರು ಬಂದದ್ದರಿಂದ. ಸಾಲ ಮಾಡಿ ಕಟ್ಟಿದ ಮನೆಯನ್ನು ಕಣ್ಣೆದುರೇ ಬಿಡೋದು ಅಂದ್ರೇನು ಅಂತ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ.

ಕೊನೆಗೆ ಮೆಟ್ಟಿಲು. ಒಳಗಿಂದಲೋ ಹೊರಗಿಂದಲೋ? ಅಣ್ಣ-ತಮ್ಮ ಇರುವ ಮನೆಗಳಲ್ಲಿ ಇದು ಮೆಟ್ಟಿಲಿನ ಪ್ರಶ್ನೆ ಅಲ್ಲ. ಹೊರಗಿಂದ ಅಂದ ಕೂಡಲೇ “ಕಟ್ಟೂಕಿಂತ ಮೊದ್ಲ ಬ್ಯಾರೆ ಆಗೂ ಮಾತಾ?” ಅಂತ ಅವ್ವನ ಮುಖ ಸಣ್ಣದಾಗುತ್ತದೆ. ಒಳಗಿಂದ ಇಟ್ಟರೆ ನಾಳೆ ಮೇಲಿನ ಮನೆಯವರು ದಿನಾ ಕೆಳಗಿನವರ ಪಡಸಾಲೆ ದಾಟಿಯೇ ಓಡಾಡಬೇಕು. ನಾನು ಹೇಳೋದು ತಲೆಬಾಗಿಲಿನ ಪಕ್ಕ, ಮುಚ್ಚಿದ ಮೆಟ್ಟಿಲು. ಅದರಿಂದ ಬೀದಿಗೆ ಒಂದು ಬಾಗಿಲು, ಪಡಸಾಲೆಗೆ ಒಂದು ಬಾಗಿಲು. ಯಾವುದನ್ನು ತೆರೆದಿಡಬೇಕು ಅನ್ನೋದನ್ನು ಆಗಿನವರು ನೋಡಿಕೊಳ್ಳಲಿ. ಅಪ್ಪ-ಅವ್ವನ ಕೋಣೆ ಮಾತ್ರ ಕೆಳಗೇ ಇರಲಿ, ಬಚ್ಚಲಿಗೆ ಮೆಟ್ಟಿಲಿಲ್ಲದೆ ಹೋಗುವಂತಿರಲಿ, ಬಾಗಿಲು ಮೂರಡಿ ಅಗಲ ಇರಲಿ. ಮೊಣಕಾಲು ನೋವು ನಗರಸಭೆಯ ಪರವಾನಗಿ ಕೇಳಿ ಬರೋದಿಲ್ಲ.

ಇಷ್ಟಾದ ಮೇಲೆ ಒಂದು ರವಿವಾರ ಊರಿಗೆ ಬನ್ನಿ. ಒಂದು ಚೀಲ ಸುಣ್ಣದ ಪುಡಿ ತಗೊಂಡು ಪ್ಲಾಟಿನ ಮೇಲೆ ಇಡೀ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಗೆರೆ ಎಳೆಯಿರಿ. ಮಂಚ ಇಡುವಲ್ಲಿ ಚಾದರ ಹಾಸಿ, ಒಲೆ ಇರುವಲ್ಲಿ ನಾಲ್ಕು ಕಲ್ಲಿಡಿ. ಅವ್ವ ಅಡುಗೆ ಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ದೇವರ ಕೋಣೆಗೆ ಎರಡು ಸಲ ಓಡಾಡಲಿ. ಸಂಜೆ ನಾಲ್ಕರವರೆಗೂ ಅಲ್ಲೇ ಕೂತು ಬಿಸಿಲು ಯಾವ ಗೆರೆ ದಾಟಿ ಬರುತ್ತದೆ ನೋಡಿ. ಗೋಡೆ ಸರಿಸಬೇಕು ಅನ್ನಿಸಿದರೆ ಸರಿಸಿ. ಅವತ್ತು ಅದಕ್ಕೆ ಖರ್ಚು ಒಂದು ಮುಷ್ಟಿ ಸುಣ್ಣ.