ಹೆಳವರ ಬಾಯಿ, ಶಾನುಭೋಗರ ಕಡತ

ಒಂದು ಹೊಲದ ಸರ್ವೆ ನಂಬರು 42 ಎಂದಿಟ್ಟುಕೊಳ್ಳಿ. ಅಪ್ಪ ತೀರಿಕೊಂಡ ಮೇಲೆ ಮೂವರು ಅಣ್ಣತಮ್ಮಂದಿರು ಪಾಲಾದರು, ಪೋಡಿ ಆಯಿತು, ಹೊಲ 42/1, 42/2, 42/3 ಎಂದಾಯಿತು. ನಡುವಿನವನ ಇಬ್ಬರು ಮಕ್ಕಳು ಮತ್ತೆ ಹಂಚಿಕೊಂಡಾಗ 42/2ಎ, 42/2ಬಿ ಬಂದವು. ಪಹಣಿಯ ಈ ಅಂಕಿಗಳನ್ನು ಇವತ್ತಿನಿಂದ ಹಿಂದಕ್ಕೆ ಓದುತ್ತ ಹೋಗಿ. ಮಕ್ಕಳಿಂದ ಅಪ್ಪ, ಅಪ್ಪನಿಂದ ಅಜ್ಜ, ಅಜ್ಜನಿಂದ ಮುತ್ತಜ್ಜ ಸಿಗುತ್ತಾರೆ. ಬೇರೆ ಯಾರೂ ಬರೆದಿಡದ ವಂಶವೃಕ್ಷವನ್ನು ಹೊಲ ತನ್ನ ಮೈಮೇಲೆ ಬರೆದುಕೊಂಡಿರುತ್ತದೆ.

ಅಂತರಸನಹಳ್ಳಿಯಂಥ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ತುಮಕೂರಿನ ಅಂಚಿನ ಈ ಹಳ್ಳಿಯ ಹೆಸರು ಹೇಳಿದರೆ ಇಂದು ಜನಕ್ಕೆ ನೆನಪಾಗುವುದು ಕೈಗಾರಿಕಾ ಪ್ರದೇಶ, ತರಕಾರಿ ಮಾರುಕಟ್ಟೆ, ಹೆದ್ದಾರಿಯ ಲಾರಿಗಳು. ರಾಗಿ, ಅವರೆ ಬೆಳೆಯುತ್ತಿದ್ದ ನೆಲದ ಮೇಲೆ ಶೆಡ್ಡುಗಳು ಎದ್ದಿವೆ. ಆದರೆ ಸರ್ಕಾರ ಜಮೀನು ತೆಗೆದುಕೊಳ್ಳುವಾಗ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುತ್ತದೆ. ಅದರಲ್ಲಿ ಸರ್ವೆ ನಂಬರಿನ ಎದುರು ಖಾತೆದಾರರು ಯಾರು, ಅನುಭವದಾರರು ಯಾರು ಎಂಬ ಹೆಸರುಗಳಿರುತ್ತವೆ. ಹೊಲ ಹೋದರೂ ಹೆಸರು ಉಳಿಯುವ ಜಾಗ ಅದು. ಮನೆತನದ ಹಿಂದಿನದನ್ನು ಹುಡುಕುವವರು ಅಲ್ಲಿಂದಲೇ ಶುರು ಮಾಡಬಹುದು.

ಅಲ್ಲಿಂದ ಹಿಂದಕ್ಕೆ ಎಷ್ಟು ದೂರ ಹೋಗಲು ಸಾಧ್ಯ? ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಆರಂಭವಾದದ್ದು 1863ರಲ್ಲಿ, ಬ್ರಿಟಿಷ್ ಕಮಿಷನರ ಆಡಳಿತದ ಕಾಲದಲ್ಲಿ. 33 ಅಡಿಯ ಸರಪಳಿ ಹಿಡಿದು ಊರೂರು ಅಳೆದರು. ಆ ಸರಪಳಿ ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪ್ರತಿ ತಾಕಿಗೂ ನಂಬರು, ಪ್ರತಿ ನಂಬರಿಗೂ ಒಂದು ಹೆಸರು. ಆ ಹೆಸರು ಬರೆಯುವ ರೀತಿಯೇ ನಮಗೆ ಬೇಕಾದದ್ದು: ರಂಗಯ್ಯ ಬಿನ್ ನಂಜಯ್ಯ. ಹೆಂಗಸಿನ ಹೆಸರಾದರೆ ಬಿನ್ ಬದಲು ಕೋಂ, ಅಂದರೆ ಇಂಥವನ ಹೆಂಡತಿ. ಒಂದು ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿಬಿಡುತ್ತವೆ.

ಇಲ್ಲಿ ಎಚ್ಚರ ತಪ್ಪಬಾರದು. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ರಂಗಯ್ಯ ಬಿನ್ ನಂಜಯ್ಯ, ಆಮೇಲೆ ನಂಜಯ್ಯ ಬಿನ್ ರಂಗಯ್ಯ, ಮತ್ತೆ ರಂಗಯ್ಯ ಬಿನ್ ನಂಜಯ್ಯ ಎಂದು ಸರಣಿ ತಿರುಗುತ್ತಲೇ ಇರುತ್ತದೆ. ಅರವತ್ತು ವರ್ಷದ ಅಂತರದ ಇಬ್ಬರನ್ನು ಒಬ್ಬನೇ ಎಂದು ತಿಳಿದು, ಎರಡು ತಲೆಮಾರನ್ನೇ ನುಂಗಿದ ವಂಶವೃಕ್ಷಗಳನ್ನು ನಾನು ಕಂಡಿದ್ದೇನೆ. ಸಂವತ್ಸರದ ಹೆಸರಿನಲ್ಲೂ ಇದೇ ತೊಡಕು. ತಾತ ಹುಟ್ಟಿದ್ದು ಧಾತು ಸಂವತ್ಸರದಲ್ಲಿ ಎಂದು ಮನೆಯಲ್ಲಿ ಹೇಳಿದರೆ ಅದು 1876 ಇರಬಹುದು, 1936 ಕೂಡ ಇರಬಹುದು. ಜೊತೆಗೆ ಇನ್ನೊಂದು ಗುರುತು ಕೇಳಲೇಬೇಕು. ಆಗ ಬರ ಇತ್ತೇ, ಕೆರೆ ಒಡೆದಿತ್ತೇ, ಪಟೇಲರು ಯಾರಿದ್ದರು ಎಂದು.

1863ರ ಹಿಂದೆ ನಂಬರೂ ಇಲ್ಲ, ನಕ್ಷೆಯೂ ಇಲ್ಲ. ಇದ್ದದ್ದು ಶಾನುಭೋಗರ ಕಡತ. ಇಂದು ಕಡತ ಎಂದರೆ ಕಚೇರಿಯ ಫೈಲು. ಆಗ ಅದು ಬಟ್ಟೆ. ಗೇಣಗಲದ, ಹಲವು ಮೊಳ ಉದ್ದದ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಒಂದರ ಮೇಲೊಂದು ಮಡಿಕೆ ಹಾಕಿ ಪುಸ್ತಕದಂತೆ ಮಾಡುತ್ತಿದ್ದರು. ಕಪ್ಪು ಮೈಯ ಮೇಲೆ ಬಳಪದಿಂದ ಬಿಳಿ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ತನ್ನ ಇತಿಹಾಸದಲ್ಲಿ ಈ ಕಡತವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಹೀಗೆ ಒರೆಸಿ ಬರೆಯಬಹುದಾಗಿದ್ದ ಕಾರಣಕ್ಕೇ ಎಷ್ಟೋ ಮನೆತನಗಳ ಹೆಸರು ನಮಗೆ ಸಿಗದೆ ಹೋಯಿತು. ಆ ವರ್ಷದ ಕಂದಾಯ ಸಂದಾಯವಾದ ಮೇಲೆ ಆ ವರ್ಷದ ಹೆಸರಿನಿಂದ ಶಾನುಭೋಗರಿಗೆ ಆಗಬೇಕಾದ್ದೇನೂ ಇರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಂಪನಿಯವರು ಈ ಸೀಮೆಯನ್ನು ಬರೆದುಕೊಳ್ಳಲು ಹೊರಟರು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಶಿರಾ, ಮಧುಗಿರಿ, ಗುಬ್ಬಿಯ ಕಡೆ ಓಡಾಡಿ ಬೆಳೆ, ಅಳತೆ, ಮಗ್ಗ, ದನ, ಸಂತೆ ಎಲ್ಲವನ್ನೂ ದಿನಚರಿಯಂತೆ ಬರೆದ. ಕಾಲಿನ್ ಮೆಕೆಂಜಿ ಭೂಮಾಪನ ಮಾಡುತ್ತ, ಕಾವಲಿ ಬೊರಯ್ಯನಂಥ ಸಹಾಯಕರಿಂದ ಊರುಗಳ ಕೈಫಿಯತ್ತು, ಪಾಳೆಯಗಾರರ ವಂಶಾವಳಿ ಸಂಗ್ರಹಿಸಿದ. ನಿಮ್ಮದು ಪಾಳೆಯಗಾರರ ಅಥವಾ ನಾಡಗೌಡರ ಮನೆತನವಾದರೆ ಕೈಫಿಯತ್ತುಗಳಲ್ಲಿ ಹುಡುಕಿ, ಏನಾದರೂ ಸಿಕ್ಕೀತು. ಉಳಿದವರಿಗೆ ಅಲ್ಲಿ ತಮ್ಮ ಕುಲ, ಕಸುಬು, ಊಟ, ಉಡುಪು ಸಿಗುತ್ತದೆ, ಹೆಸರು ಸಿಗುವುದು ಅಪರೂಪ.

ಇಷ್ಟು ಓದಿದವರಿಗೆ ಅಮೆರಿಕದವರು ಪುಣ್ಯವಂತರು ಅನ್ನಿಸಬಹುದು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಹೋದ 102 ಜನರ ಹೆಸರು ಹಿಡಿದು, ಅವರ ಸಂತತಿ ನಾವು ಎಂದು ತೋರಿಸಿಕೊಳ್ಳುವ ಸಂಘವೇ ಅಲ್ಲಿ 1897ರಿಂದ ಇದೆ. ಬಾಸ್ಟನ್ನಿನಲ್ಲಿ ವಂಶಚರಿತ್ರೆಗೆಂದೇ ಒಂದು ಸಂಸ್ಥೆ 1845ರಲ್ಲಿ ಹುಟ್ಟಿತು. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಮೊಮ್ಮಕ್ಕಳು ಶಾಲೆಯಲ್ಲಿ ಈ ಪಾಠ ಓದಿ, ನಮ್ಮದೂ ಹೀಗೆ ಬರೆದಿಟ್ಟಿದ್ದಾರಾ ತಾತ ಎಂದು ಫೋನಿನಲ್ಲಿ ಕೇಳುತ್ತಾರೆ. ಅವರಿಗೆ ಉತ್ತರ ಕೊಡಬೇಕಾದರೆ ಅಮೆರಿಕದ ಆ ಹಳೆಯ ಪಟ್ಟಿಗಳನ್ನೇ ಹತ್ತಿರದಿಂದ ನೋಡಬೇಕು.

ವರ್ಜೀನಿಯಾ ವಸಾಹತಿನಲ್ಲಿ 1624–25ರಲ್ಲಿ ಮನೆಮನೆಯ ಪಟ್ಟಿ ಮಾಡಿದರು. ಯಾರು ಇದ್ದಾರೆ ಎಂಬುದರ ಜೊತೆಗೆ ಎಷ್ಟು ಜೋಳ, ಎಷ್ಟು ಬಂದೂಕು, ಎಷ್ಟು ದನ, ಎಷ್ಟು ಮನೆ ಎಂದೂ ಬರೆದರು. ಅನೇಕರ ಹೆಸರಿನ ಮುಂದೆ ಯಾವ ಹಡಗಿನಲ್ಲಿ, ಯಾವ ವರ್ಷ ಬಂದರೆಂಬುದಿದೆ. ನಮ್ಮ ಶಾನುಭೋಗರ ಕೈ ಅಲ್ಲಿಯೂ ಆಡಿದ ಹಾಗೆ ಕಾಣುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಕೆಲವರಿಗೆ ಹೆಸರೇ ಇಲ್ಲ, ಬರೀ ಲೆಕ್ಕವಿದೆ. ಮೇಫ್ಲವರ್‌ನವರ ನಾಯಕ ವಿಲಿಯಂ ಬ್ರಾಡ್‌ಫೋರ್ಡ್ ಮುಂದೆ ತನ್ನ ಸಹಪ್ರಯಾಣಿಕರ ಪಟ್ಟಿ ಬರೆದಾಗ ಜಾನ್ ಕಾರ್ವರ್‌ನ ಮನೆಯವರನ್ನೆಲ್ಲ ಹೆಸರಿಟ್ಟು ಹೇಳಿದ. ಹೆಂಡತಿ, ಆಳುಗಳು, ಸಾಕಲು ಒಪ್ಪಿಸಿದ್ದ ಹುಡುಗ, ಎಲ್ಲರಿಗೂ ಹೆಸರಿದೆ. ಒಬ್ಬಳು ಮಾತ್ರ ಬರೀ ಕೆಲಸದಾಕೆ. ಅವಳು ಮದುವೆಯಾಗಿ ಒಂದೆರಡು ವರ್ಷದಲ್ಲಿ ತೀರಿಕೊಂಡಳು ಎನ್ನುವುದು ಬ್ರಾಡ್‌ಫೋರ್ಡ್‌ಗೆ ಗೊತ್ತಿತ್ತು. ಅವಳ ಹೆಸರನ್ನು ಮಾತ್ರ ಅವನು ಬರೆಯಲಿಲ್ಲ.

ಅಮೆರಿಕದ ಮೊದಲ ಜನಗಣತಿ 1790ರದ್ದು. ಅದರಲ್ಲಿ ಮನೆಯ ಯಜಮಾನನಿಗಷ್ಟೇ ಹೆಸರು. ಗುಲಾಮರಾಗಿದ್ದವರೆಲ್ಲರ ಹೆಸರು ಜನಗಣತಿಗೆ ಬಂದದ್ದು ಬಿಡುಗಡೆಯಾದ ಮೇಲೆ, 1870ರಲ್ಲಿ. ಅಲ್ಲಿನ ಕಪ್ಪು ಜನರು ತಮ್ಮ ಹಿರಿಯರನ್ನು ಹುಡುಕುತ್ತ ಹೋದರೆ 1870ರಲ್ಲಿ ಗೋಡೆ ಎದುರಾಗುತ್ತದೆ. ನಮಗೆ 1863ರಲ್ಲಿ ಎದುರಾಗುವಂಥದ್ದೇ ಗೋಡೆ. ಎರಡೂ ಕಡೆ ಪಟ್ಟಿ ಬರೆದವರು ನಮ್ಮ ಹುಡುಕಾಟಕ್ಕೆಂದು ಬರೆಯಲಿಲ್ಲ. ಕಂದಾಯ, ದುಡಿಮೆ, ಆಸ್ತಿ ಯಾರಿಂದ ಬರಬೇಕು, ಯಾರಿಗೆ ಸೇರಬೇಕು ಎಂಬುದಕ್ಕೆ ಬರೆದರು. ಹಾಗಾಗಿ ಯಾವ ದಾಖಲೆ ಕೈಗೆ ಬಂದರೂ ಇದನ್ನು ಯಾರಿಗಾಗಿ ಬರೆದರು ಎಂದು ಮೊದಲು ಕೇಳಿಕೊಳ್ಳಿ. ಅದರಲ್ಲಿ ಯಾರು ಇರುವುದಿಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ.

ಹಾಗೆಂದು ಹೊಲವಿಲ್ಲದವರ ಮನೆತನಕ್ಕೆ ದಾಖಲೆಯೇ ಇಲ್ಲ ಎಂದು ಕೈಚೆಲ್ಲಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ತೋಟಿ, ತಳವಾರ, ನೀರುಗಂಟಿ ಕೆಲಸಕ್ಕೆ ಊರಿನಲ್ಲಿ ಇನಾಂ ಜಮೀನು ಇರುತ್ತಿತ್ತು. 1961ರ ಕಾಯಿದೆ ಈ ವಂಶಪಾರಂಪರ್ಯದ ಹುದ್ದೆಗಳನ್ನು, ಶಾನುಭೋಗಿಕೆ, ಪಟೇಲಿಕೆಯ ಜೊತೆಗೇ ರದ್ದುಮಾಡಿತು. ಆಗ ಆ ಜಮೀನನ್ನು ತಮಗೇ ಮರುಮಂಜೂರು ಮಾಡಿಕೊಡಿ ಎಂದು ಈ ಮನೆತನಗಳವರು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ಯಾರ ನಂತರ ಯಾರು ಆ ಕೆಲಸ ಮಾಡಿದರು ಎಂದು ತೋರಿಸಲು ವಂಶವೃಕ್ಷ ಲಗತ್ತಿಸಬೇಕಿತ್ತು. ಇನ್ನು ಗೇಣಿಗೆ ಉಳುತ್ತಿದ್ದವರು. ಅವರು ಖಾತೆಯ ಕಾಲಂನಲ್ಲಿ ಎಂದೂ ಇದ್ದವರಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ ಫಾರಂ 7 ತುಂಬಿಕೊಟ್ಟರು. ನಮ್ಮಪ್ಪ, ಅವರಪ್ಪ ಇದೇ ಹೊಲ ಉಳುತ್ತಿದ್ದರು ಎಂದು ಭೂನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಟ್ಟರು. ಆ ಹೇಳಿಕೆಗಳು ಕಾಗದದಲ್ಲಿವೆ. ರೆಕಾರ್ಡ್ ರೂಮಿನ ದೂಳಿನಲ್ಲಿ ಇವನ್ನು ಹುಡುಕಿ ತೆಗೆದವರು ಕಡಿಮೆ.

ಕಾಗದಕ್ಕಿಂತ ಹಳೆಯದು ಹೆಳವರ ಬಾಯಿ. ಎತ್ತಿನ ಮೇಲೆ ಕುಳಿತು, ಕಂಬಳಿಯಲ್ಲಿ ಕಾಲು ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಬಂದು ಮನೆಬಾಗಿಲಲ್ಲಿ ಆ ಮನೆಯ ವಂಶ ಹೇಳುವವರು ಅವರು. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ಸಂಪುಟಗಳಲ್ಲೂ ಇದೇ ಚಿತ್ರವಿದೆ. ಇಂತಿಂಥ ಊರಿನ ಇಂತಿಂಥ ಒಕ್ಕಲು ಇಂಥ ಹೆಳವರದು ಎಂಬ ಹಕ್ಕು ಅವರಲ್ಲಿ ತಲೆಮಾರಿನಿಂದ ಬಂದದ್ದು. ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ, ಹುಟ್ಟಿದ ಹೊಸ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಾರೆ, ರಾಗಿಯನ್ನೋ ದುಡ್ಡನ್ನೋ ಕರುವನ್ನೋ ಪಡೆದು ಹೋಗುತ್ತಾರೆ. ಈಗ ಎತ್ತಿನ ಬದಲು ವ್ಯಾನು, ತಾಳೆಗರಿಯ ಬದಲು ಲೆಡ್ಜರು. ಮೂಲಪುರುಷ ಯಾವ ಊರಿಂದ ಬಂದ, ಬೆಡಗು ಯಾವುದು, ಮನೆದೇವರು ಯಾವುದು ಎಂಬ ಮೂರನ್ನು ಅವರು ತಪ್ಪದೆ ಹೇಳುತ್ತಾರೆ. ಪಹಣಿಯಲ್ಲಿ ಈ ಮೂರರಲ್ಲಿ ಒಂದೂ ಸಿಗದು. ಮನೆದೇವರು ಇರುವ ಊರೇ ಎಷ್ಟೋ ಸಲ ಹಿರಿಯರು ಬಿಟ್ಟುಬಂದ ಊರಾಗಿರುತ್ತದೆ.

ಬಾಯಿಮಾತನ್ನು ಕಲ್ಲಿನೊಡನೆ ತಾಳೆ ನೋಡುವ ಅಭ್ಯಾಸವೂ ಇರಲಿ. ತುಮಕೂರಿಗೆ ಹತ್ತಿರದ ಕೈದಾಳಕ್ಕೆ ಹೋದರೆ ಚೆನ್ನಕೇಶವ ಗುಡಿಯ ಮುಂದೆ ಜಕಣಾಚಾರಿಯ ಕಥೆ ಹೇಳುತ್ತಾರೆ. ಮಗ ಹುಟ್ಟುವ ಮೊದಲೇ ಊರು ಬಿಟ್ಟ ಶಿಲ್ಪಿ ಅಪ್ಪ, ಅವನನ್ನು ಹುಡುಕುತ್ತ ಬೇಲೂರು ಸೇರಿ ಅಪ್ಪ ಕಡೆದ ಮೂರ್ತಿಯ ಕಲ್ಲಿನಲ್ಲೇ ಕಪ್ಪೆ ತೋರಿಸಿದ ಮಗ ಡಂಕಣ. ಹಿರಿಯರನ್ನು ಹುಡುಕುವ ಕಥೆಗಳಲ್ಲಿ ನನಗೆ ಇದರಷ್ಟು ಹತ್ತಿರದ್ದು ಇನ್ನೊಂದಿಲ್ಲ. ಆದರೆ ಅದೇ ಗುಡಿಯನ್ನು ಸುಮಾರು 1150ರಲ್ಲಿ, ಹೊಯ್ಸಳ ನರಸಿಂಹನ ಕಾಲದಲ್ಲಿ, ಗುಳೆ ಬಾಚಿ ಎಂಬ ಸಾಮಂತ ಕಟ್ಟಿಸಿದನೆಂಬುದು ಶಾಸನದ ಮಾತು. ಕಟ್ಟಿಸಿದವನನ್ನು ಊರು ಮರೆತು ಕಡೆದವನನ್ನು ನೆನಪಿಟ್ಟುಕೊಂಡಿದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ. ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ ತಂದರು. ನಿಮ್ಮ ಊರಿನ ಹೆಸರು ಅದರಲ್ಲಿದೆಯೇ ಎಂದು ಒಮ್ಮೆ ತಿರುವಿ ನೋಡಿ.

ಕಲ್ಲೂ ಕಡತವೂ ಬಾಯಿಯೂ ಒಟ್ಟಿಗೆ ಸುಮ್ಮನಾಗುವ ಕಾಲ ಒಂದಿದೆ. 1876ರಿಂದ 78ರ ಬರ, ಹಿರಿಯರ ಬಾಯಲ್ಲಿ ಧಾತು ಈಶ್ವರದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ 42 ಲಕ್ಷವೂ ಇಲ್ಲ. ಸತ್ತವರ ಜೊತೆಗೆ ಊರು ಬಿಟ್ಟವರು, ನೆಂಟರ ಊರಿಗೆ ಹೋಗಿ ಅಲ್ಲೇ ಉಳಿದವರು, ಸಾಕಲು ಕೊಟ್ಟ ಮಕ್ಕಳು. ನಿಮ್ಮ ವಂಶವೃಕ್ಷದ ಒಂದು ಕೊಂಬೆ ಅಲ್ಲಿ ಥಟ್ಟನೆ ಮುರಿದಿದ್ದರೆ ಹೆಸರು ಬರೆಯದವರನ್ನು ಬೈಯಬೇಡಿ. ಬರೆಯುವವರೂ ಹಸಿದಿದ್ದರು.

ಹೆಳವರ ಬಾಯಲ್ಲಿ ನಮ್ಮ ಮನೆಯ ವಂಶವನ್ನು ನಾನು ಕೇಳಿದ್ದು ಒಂದೇ ಸಲ. ಜಗುಲಿಯ ಮೇಲೆ ಕುಳಿತು ಹಿರಿಯ ಹೆಳವರು ಲೆಡ್ಜರ್ ಬಿಚ್ಚಿದರು. ಹಾಳೆ ಹಳದಿಗಟ್ಟಿತ್ತು, ಅಂಚಿಗೆ ಎಣ್ಣೆ ಹತ್ತಿತ್ತು. ಆದರೆ ಪುಸ್ತಕ ನೋಡದೆಯೇ ಏಳು ತಲೆಮಾರಿನ ಗಂಡಸರ ಹೆಸರನ್ನು ಒಂದೇ ಉಸಿರಿಗೆ ಹೇಳಿದರು. ನಮ್ಮ ಮುತ್ತಜ್ಜನ ತಾಯಿಯನ್ನು ಮನೆಯಲ್ಲಿ ಕುಣಿಗಲ್ ಕಡೆಯವ್ವ ಎಂದಷ್ಟೇ ಕರೆಯುತ್ತಿದ್ದರು. ಮಾರ್ನಮಿ ಅಮಾವಾಸ್ಯೆಗೆ ಎಡೆ ಇಡುವಾಗಲೂ ಅದೇ ಹೆಸರು. ಆ ಅವ್ವನ ನಿಜವಾದ ಹೆಸರೇನು ಎಂದು ಕೇಳಿದೆ. ಅವರು ಬೆರಳಿನಲ್ಲಿ ಸಾಲು ಹಿಡಿದು ಎರಡು ಹಾಳೆ ತಿರುಗಿಸಿದರು, ಮತ್ತೆ ಮೊದಲಿನ ಹಾಳೆಗೇ ಬಂದರು.

"ಹೆಣ್ಣುಮಕ್ಕಳು ಅವರ ತವರಿನ ಪುಸ್ತಕದಲ್ಲಿರ್ತಾರೆ ಸ್ವಾಮಿ. ಆ ಕಡೆ ಒಕ್ಕಲಿಗೆ ಹೋಗೋ ಹೆಳವರು ಬೇರೆ. ಯಾವ ಊರು ಅಂತ ಗೊತ್ತಾದ್ರೆ ನಾನೇ ವಿಚಾರಿಸಿ ಹೇಳ್ತೀನಿ," ಅಂದರು.

ಊರಿನ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕುಣಿಗಲ್ ಕಡೆ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡು ಅವರು ಲೆಡ್ಜರ್ ಮುಚ್ಚಿದರು.