ಸಲಾಮಾಬಾದಿನ ಆನೆ

ಕೊಯಮತ್ತೂರಿನಿಂದ ಮೇಟ್ಟುಪಾಳ್ಯದ ಕಡೆಗೆ ಸಾಗುವ ರಸ್ತೆಯ ಮೇಲಿರುವ ತುಡಿಯಲೂರು ಮತ್ತು ಅದರ ಸುತ್ತಲಿನ ಸೀಮೆ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸೇರುವ ಮುನ್ನ ಬಹುಕಾಲ ಮೈಸೂರಿನ ಆಳ್ವಿಕೆಯಲ್ಲಿದ್ದುದರಿಂದ, ಇಲ್ಲಿನ ತಾಮ್ರದ ಕಾಸುಗಳ ಸಂಗ್ರಹವೆಂದರೆ ಎರಡು ಆಡಳಿತಗಳ ಚಿಲ್ಲರೆಯನ್ನು ಒಟ್ಟಿಗೆ ಓದುವ ಕೆಲಸ. ದಕ್ಷಿಣ ಭಾರತದಲ್ಲಿ ಚಿಲ್ಲರೆಯ ಕೊರತೆ ನೀಗಿಸುವ ಕೆಲಸವನ್ನು ಅರಸರೂ ವ್ಯಾಪಾರಿ ಕಂಪನಿಯೂ ಮಾಡಿದರು.

ಈ ಸೀಮೆಯ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಗಮನ ಸಲ್ಲಬೇಕಾದದ್ದು ಸಲಾಮಾಬಾದಿನ ಪೈಸೆ. ಸಲಾಮಾಬಾದ್ ಎಂಬುದು ಟಿಪ್ಪು ಸುಲ್ತಾನ ಸತ್ಯಮಂಗಲಕ್ಕೆ ಇಟ್ಟ ಹೆಸರು. ಇಂದು ಈರೋಡ್ ಜಿಲ್ಲೆಯಲ್ಲಿರುವ ಆ ಊರಿನಲ್ಲಿ ಅವನ ಟಂಕಸಾಲೆಯೊಂದು ಇತ್ತು. ಪೈಸೆಯ ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪಾರ್ಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು ಇರುತ್ತವೆ. 1787ರ ಸುಮಾರಿಗೆ ಟಿಪ್ಪು ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸತೊಡಗಿದ್ದರಿಂದ, 1215ನೆಯ ವರ್ಷ ನಾಣ್ಯದ ಮೇಲೆ ರೂಢಿಯ ಓದಿಗೆ 5121 ಎಂದು ಕಾಣುತ್ತದೆ. ಹೊಸ ಸಂಗ್ರಾಹಕರು ಮೊದಲು ಎಡವುವುದು ಇಲ್ಲಿಯೇ. ಟಿಪ್ಪು ಪೈಸೆಗೆ ಜೊಹರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹರಾಮ್, ಅಂದರೆ ಮಂಗಳ, ಎಂದು ಹೆಸರಿಟ್ಟನು. ರೈತನ ಸೊಂಟದ ಚೀಲದಲ್ಲಿ ಗ್ರಹಗಳೇ ಇದ್ದವೆನ್ನಬೇಕು. ತಾಮ್ರದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ ಕಾರಣ, ಬಿಲ್ಲೆ ಅಚ್ಚಿಗಿಂತ ಚಿಕ್ಕದಾದಾಗ ಊರಿನ ಹೆಸರಿನ ಅಕ್ಷರಗಳೇ ಅಂಚಿನಾಚೆ ಉಳಿದುಬಿಡುತ್ತಿದ್ದವು. ಉಳಿದ ಒಂದೆರಡು ಅಕ್ಷರಗಳಿಂದ ಟಂಕಸಾಲೆಯನ್ನು ಗುರುತಿಸಲು, ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಪ್ರಕಟಿಸಿದ ಗ್ರಂಥ ಇಂದಿಗೂ ನೆರವಾಗುತ್ತದೆ.

ಕಂಪನಿಯ 20 ಕಾಸಿನ ನಾಣ್ಯ ಬೇರೆಯೇ ಬಗೆಯದು. 1803 ಮತ್ತು 1808ರ ಇಸವಿಗಳಿರುವ ಆ ನಾಣ್ಯಗಳು ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ತಯಾರಾಗಿ ಹಡಗಿನಲ್ಲಿ ಮದ್ರಾಸಿಗೆ ಬರುತ್ತಿದ್ದವು. ಅವುಗಳನ್ನು ಹೊತ್ತಿದ್ದ ಅಡ್ಮಿರಲ್ ಗಾರ್ಡನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. 1980ರ ದಶಕದಲ್ಲಿ ಮೇಲೆತ್ತಿದ ಆ ಕಾಸುಗಳು, ತಮಗಾಗಿ ಕಾದಿದ್ದ ಸಂತೆಗಳನ್ನು ಎಂದೂ ಕಾಣದೆ, ನೇರವಾಗಿ ಸಂಗ್ರಾಹಕರ ಕೈ ಸೇರಿದವು. ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆನೆಯನ್ನು ಉಳಿಸಿಕೊಂಡು ಅದರ ಮೇಲೆ ‘ಶ್ರೀ’ಕಾರವನ್ನೂ ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡದ ಬರಹವನ್ನೂ ಹಾಕಿಸಿದರು. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚಿದಾಗ ಮೈಸೂರಿನ ಸ್ವಂತ ನಾಣ್ಯಗಳ ಪರಂಪರೆ ನಿಂತಿತು.

ಇಂಥ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸುವ ಪದ್ಧತಿಯಿಂದ ಆಗುವ ಹಾನಿ ದೊಡ್ಡದು, ಏಕೆಂದರೆ ಶತಮಾನಗಳಲ್ಲಿ ಕೂಡಿಬಂದ ಕಂದು ಪದರದೊಡನೆ ಸವೆದ ಅಕ್ಷರಗಳ ಕೊನೆಯ ಗೆರೆಗಳೂ ಹೋಗುತ್ತವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಸಿಕ್ಕ ಹೊಲದ ಹೆಸರನ್ನು ಬರೆದಿಡದೆ ಕಾಸನ್ನು ತೂಕದ ಲೆಕ್ಕದಲ್ಲಿ ಮಾರುವುದು. ಸತ್ಯಮಂಗಲದಲ್ಲಿ ಅಚ್ಚಾದ ಪೈಸೆಯೊಂದು ತುಡಿಯಲೂರಿನ ಮಣ್ಣಿನಲ್ಲಿ ಸಿಕ್ಕರೆ ಅದು ಮೈಸೂರಿನ ಚಿಲ್ಲರೆ ಎಲ್ಲಿಯವರೆಗೆ ನಡೆಯಿತೆಂಬುದಕ್ಕೆ ಸಾಕ್ಷಿಯಾಗುತ್ತದೆ. ಪಾತ್ರೆಯ ತಾಮ್ರದೊಡನೆ ಕುಲುಮೆಗೆ ಬಿದ್ದರೆ ಆನೆಯೂ ಊರಿನ ಹೆಸರೂ ಒಟ್ಟಿಗೇ ಕರಗುತ್ತವೆ.