ಮೈಮೇಲೆ ಬರುವ ಹುಂಜ

ಹಿತ್ತಲಲ್ಲಿ ಜವಾರಿ ಕೋಳಿ ಸಾಕಿದವರಿಗೆ ಇದು ಹೊಸದಲ್ಲ. ನಿನ್ನೆಮೊನ್ನೆಯವರೆಗೆ ಅಂಗೈಯಿಂದ ಜೋಳ ಹೆಕ್ಕುತ್ತಿದ್ದ ಹುಂಜ, ಪ್ರಾಯಕ್ಕೆ ಬರುತ್ತಿದ್ದಂತೆ ಕುತ್ತಿಗೆಯ ಪುಕ್ಕ ನಿಗುರಿಸಿ ಕಸಬರಿಗೆ ಹಿಡಿದವರ ಕಾಲಿಗೆ ಎರಗುತ್ತದೆ. ‘ಸೊಕ್ಕು ಬಂದದ’ ಎನ್ನುತ್ತಾರೆ ಮನೆಯವರು. ಸಾರಿಗೆ ಹಾಕುವುದೊಂದೇ ಅದಕ್ಕೆ ಮದ್ದು ಎಂಬ ತೀರ್ಮಾನವೂ ಬೇಗ ಆಗಿಬಿಡುತ್ತದೆ. ಅದಕ್ಕೆ ಮೊದಲು ಹುಂಜದ ಕಡೆಯಿಂದ ಒಮ್ಮೆ ನೋಡುವುದು ನ್ಯಾಯ.

ಈ ಸೊಕ್ಕಿನ ಮೂಲ ಹುಡುಕಿದವರು ಜರ್ಮನಿಯ ಗಟಿಂಗೆನ್‌ನ ಆರ್ನಾಲ್ಡ್ ಬರ್ಟೋಲ್ಡ್. 1849ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಆರು ಎಳೆ ಹುಂಜಗಳ ವೃಷಣ ತೆಗೆದರು. ಎರಡನ್ನು ಹಾಗೆಯೇ ಬಿಟ್ಟರು. ಉಳಿದ ನಾಲ್ಕರ ಹೊಟ್ಟೆಯೊಳಗೆ ಒಂದೊಂದು ವೃಷಣವನ್ನು ಮತ್ತೆ ಇಟ್ಟರು. ಬರಿದಾದ ಎರಡೂ ಕೂಗಲಿಲ್ಲ, ಕಾದಾಡಲಿಲ್ಲ, ಜುಟ್ಟೂ ಬೆಳೆಯಲಿಲ್ಲ. ಉಳಿದವು ಅಪ್ಪಟ ಹುಂಜಗಳಾಗಿಯೇ ಬೆಳೆದವು. ಮೊದಲಿನ ನರಗಳ ಸಂಪರ್ಕ ಕಡಿದುಹೋಗಿದ್ದರಿಂದ, ವೃಷಣದಿಂದ ಏನೋ ರಕ್ತಕ್ಕೆ ಸೇರಿ ಮೈಯೆಲ್ಲ ಹರಿಯುತ್ತಿರಬೇಕು ಎಂದು ಬರ್ಟೋಲ್ಡ್ ಊಹಿಸಿದರು. ಅದನ್ನೇ ನಾವು ಇಂದು ಟೆಸ್ಟೋಸ್ಟೆರಾನ್ ಎನ್ನುತ್ತೇವೆ. ಹಾರ್ಮೋನ್ ವಿಜ್ಞಾನಕ್ಕೆ ನಾಂದಿ ಹಾಡಿದ ಪ್ರಯೋಗವಿದು.

ಆದರೆ ಹಾರ್ಮೋನ್ ಕಾದಾಡುವ ಕಸುವು ಕೊಡುತ್ತದೆಯೇ ಹೊರತು ಯಾರ ಮೇಲೆ, ಯಾವಾಗ ಎಂದು ಹೇಳಿಕೊಡುವುದಿಲ್ಲ. ಅದನ್ನು ತೀರ್ಮಾನಿಸುವುದು ಹುಂಜದ ಸಂಸಾರ. ಕಾಳು ಕಂಡರೆ ಅದು ತಾನು ನುಂಗದೆ ಕೊಕ್ ಕೊಕ್ ಎಂದು ಸದ್ದು ಮಾಡಿ ಹೇಂಟೆಗಳನ್ನು ಕರೆಯುತ್ತದೆ. ಆಕಾಶದಲ್ಲಿ ಹದ್ದು ಕಂಡರೆ ಒಂದು ಕೂಗು, ನೆಲದ ಮೇಲೆ ನಾಯಿಯೋ ಮುಂಗುಸಿಯೋ ಬಂದರೆ ಬೇರೆಯದೇ ಕೂಗು. ವಿಜ್ಞಾನಿ ಪೀಟರ್ ಮಾರ್ಲರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪರೀಕ್ಷಿಸಿ ನೋಡಿದಾಗ, ಒಂಟಿಯಾಗಿದ್ದ ಹುಂಜ ಹದ್ದಿನ ಆಕಾರ ಕಂಡರೂ ಬಹುಮಟ್ಟಿಗೆ ಸುಮ್ಮನಿತ್ತು. ಪಕ್ಕದಲ್ಲಿ ಜೊತೆಯ ಕೋಳಿ ಇದ್ದಾಗ ಎಚ್ಚರಿಕೆ ಕೊಟ್ಟಿತು. ಇಂಥ ಕಾವಲುಗಾರನ ಕಣ್ಣೆದುರೇ ನಾವು ಹೇಂಟೆಯನ್ನು ರೆಕ್ಕೆ ಹಿಡಿದು ಎತ್ತುತ್ತೇವೆ. ಅದು ಕಿರುಚುತ್ತದೆ. ಹುಂಜ ಎಗರಿ ಬರುವುದರಲ್ಲಿ ನನಗೆ ದುಷ್ಟತನ ಕಾಣುವುದಿಲ್ಲ.

ಜಾಗದ ಪ್ರಶ್ನೆ ಇನ್ನೂ ದೊಡ್ಡದು. ಬೆಳಗಾವಿ ಜಿಲ್ಲೆಯ ಖಾನಾಪುರದ ಭೀಮಗಡ ಕಾಡಿನಲ್ಲಿ ಬೂದು ಕಾಡುಕೋಳಿ ಇದೆ. ಸಾಕುಕೋಳಿಯ ಮುಖ್ಯ ಮೂಲಪುರುಷ ಕೆಂಪು ಕಾಡುಕೋಳಿಯೇ ಆದರೂ, ನಮ್ಮ ಕೋಳಿಗಳ ಹಳದಿ ಕಾಲಿಗೆ ಕಾರಣವಾದ ಜೀನ್ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ತಂಡ ತೋರಿಸಿತು. ಕಾಡಿನಲ್ಲಿ ಸೋತ ಹುಂಜ ಪೊದೆಯಾಚೆ ಓಡಿದರೆ ಜಗಳ ಮುಗಿಯಿತು. ಖಾನಾಪುರದ ಹಳ್ಳಿಗಳಲ್ಲೂ ತಿಪ್ಪೆ, ಬಣವೆ, ಬೇಲಿಸಂದಿ ಎಂದು ಮರೆಯಾಗಲು ನೂರು ಜಾಗ. ಬೆಳಗಾವಿಯ ನೆಹರು ನಗರದಂಥ ಬಡಾವಣೆಯಲ್ಲಿ ನಾಲ್ಕು ಕಾಂಪೌಂಡ್ ಗೋಡೆಗಳ ನಡುವೆ ಓಡಿಹೋಗುವುದೆಲ್ಲಿಗೆ? ಎರಡು ಹುಂಜಗಳಿದ್ದರೆ ದಿನವೂ ಮುಖಾಮುಖಿ. ಒಂದೇ ಇದ್ದರೆ ಎದುರು ನಿಲ್ಲುವವರು ನಾವು.

ಕೋಳಿಗಳಲ್ಲಿ ಮೇಲುಕೀಳಿನ ಕಟ್ಟುನಿಟ್ಟಾದ ಸಾಲು ಇರುವುದನ್ನು ನಾರ್ವೆಯ ಟೋರ್ಲೈಫ್ ಶೆಲ್ಡರುಪ್-ಎಬ್ಬೆ ಪ್ರಕಟಿಸಿದ್ದು 1921ರಲ್ಲಿ. ಯಾರು ಯಾರನ್ನು ಕುಕ್ಕಬಹುದು ಎಂಬುದು ಒಮ್ಮೆ ಇತ್ಯರ್ಥವಾದರೆ ಕಾದಾಟ ಕಡಿಮೆಯಾಗುತ್ತದೆ, ಏಕೆಂದರೆ ಕೋಳಿಗಳು ಒಂದನ್ನೊಂದು ಗುರುತಿಟ್ಟುಕೊಳ್ಳುತ್ತವೆ. ಮನುಷ್ಯನನ್ನು ಈ ಸಾಲಿಗೆ ಎಳೆದುಕೊಂಡ ಹುಂಜಕ್ಕೆ ನಾವು ಕೊಡುವ ಎರಡು ಉತ್ತರಗಳೂ ತಪ್ಪು. ಬೆನ್ನು ತಿರುಗಿಸಿ ಓಡಿದರೆ ಅದು ಗೆದ್ದಿತು. ನಾಳೆ ಇನ್ನಷ್ಟು ಧೈರ್ಯದಿಂದ ಬರುತ್ತದೆ. ಒದ್ದರೆ, ಕೋಲಿನಿಂದ ಬಡಿದರೆ ನಾವು ಇನ್ನೊಂದು ಹುಂಜವಾದೆವು. ಲೆಕ್ಕ ಚುಕ್ತಾ ಮಾಡಲು ಅದು ಕಾಯುತ್ತದೆ.

ಹಾಗಾಗಿ ಪಂದ್ಯಕ್ಕೇ ಇಳಿಯಬಾರದು. ಒಂದು ರೆಕ್ಕೆ ಇಳಿಬಿಟ್ಟು ಓರೆಯಾಗಿ ಸುತ್ತುವುದು, ತಲೆ ತಗ್ಗಿಸಿ ದಿಟ್ಟಿಸುವುದು ಅದರ ಮುನ್ಸೂಚನೆ. ಆಗ ಹಿಂದೆ ಸರಿಯದೆ, ಕೈಬೀಸದೆ, ಅದರ ಕಡೆಗೇ ಮುಖ ಮಾಡಿ ನಿಲ್ಲಬೇಕು. ಅಗಲವಾದ ಮೊರವನ್ನೋ ಹಲಗೆಯನ್ನೋ ನಡುವೆ ಹಿಡಿದುಕೊಂಡರೆ ಸಾಕು. ಹಿಡಿಯಲೇಬೇಕಾದರೆ ರೆಕ್ಕೆ ಒತ್ತಿ ಕಂಕುಳಲ್ಲಿ ಅವುಚಿಕೊಂಡು, ಒದ್ದಾಟ ನಿಂತ ಮೇಲೆ ಕೆಳಗಿಳಿಸುವುದು ಒಳ್ಳೆಯದು. ಮಬ್ಬುಗತ್ತಲಲ್ಲಿ ಕೋಳಿಗೆ ಕಣ್ಣು ಅಷ್ಟಾಗಿ ಕಾಣದು. ಗೂಡಿಗೆ ಕೈಹಾಕುವ ಕೆಲಸವನ್ನು ಅವು ಕೂತ ಮೇಲೆ ಮಾಡಿದರೆ ಗಲಾಟೆ ಇಲ್ಲ. ಕಾಳನ್ನು ಎರಡು ಮೂರು ಕಡೆ ಚೆಲ್ಲುವುದು, ಹಿತ್ತಲ ನಡುವೆ ಗೋಣಿತಾಟು ಕಟ್ಟಿ ಮರೆ ಮಾಡುವುದು ಕೂಡ ಕೆಲಸಕ್ಕೆ ಬರುತ್ತವೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಧಾರಾಳ.

ಮಕ್ಕಳ ವಿಷಯದಲ್ಲಿ ಮಾತ್ರ ರಾಜಿ ಬೇಡ. ಎಗರಿದ ಹುಂಜದ ಕೊಕ್ಕು, ಕಾಲಮುಳ್ಳು ಅವರ ಕಣ್ಣಿನ ಎತ್ತರಕ್ಕೇ ತಲುಪುತ್ತವೆ. ಆಸ್ಟ್ರೇಲಿಯಾದಲ್ಲಿ ಮೊಟ್ಟೆ ತೆಗೆಯಲು ಹೋದ ವೃದ್ಧೆಯೊಬ್ಬರ ಕಾಲಿನ ಉಬ್ಬಿದ ರಕ್ತನಾಳಕ್ಕೆ ಹುಂಜ ಕುಕ್ಕಿ, ರಕ್ತಸ್ರಾವದಿಂದ ಅವರು ತೀರಿಕೊಂಡದ್ದು 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ತೀರ ಅಪರೂಪದ ಘಟನೆ, ಆದರೂ ವಯಸ್ಸಾದವರಿರುವ ಮನೆಯಲ್ಲಿ ನೆನಪಿರಬೇಕು. ಗಾಯವಾದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ನೆಹರು ನಗರದವರಿಗೆ ಕೆಎಲ್‌ಇ ಆಸ್ಪತ್ರೆ ಪಕ್ಕದಲ್ಲೇ ಇದೆ. ಕಾಲಮುಳ್ಳಿನ ಚೂಪನ್ನು ಅರದಿಂದ ಮೊಂಡು ಮಾಡಬಹುದು. ಬುಡದವರೆಗೆ ಕತ್ತರಿಸಬಾರದು, ಒಳಗೆ ಎಲುಬೂ ರಕ್ತವೂ ಇವೆ.

ಇಷ್ಟಾದರೂ ಬಗ್ಗದ ಹುಂಜಗಳಿರುತ್ತವೆ. ಸಿಟ್ಟಿನ ಗುಣ ಒಂದಷ್ಟು ವಂಶದಲ್ಲೇ ಹರಿಯುತ್ತದೆ. ಕಾದಾಟಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ಅಸೀಲ್ ತಳಿ ಇದಕ್ಕೆ ಸಾಕ್ಷಿ. ಕೋಳಿ ಅಂಕಕ್ಕಾಗಿ ಮನುಷ್ಯ ಮಾಡಿದ ಈ ಆಯ್ಕೆಯನ್ನು ಹಿತ್ತಲಲ್ಲಿ ತಿರುಗಿಸಿ ಮಾಡಬಹುದು: ಹೇಂಟೆಗಳನ್ನು ಕಾಯುತ್ತಲೇ ಮನೆಯವರನ್ನು ಸಹಿಸುವ ಹುಂಜದಿಂದಲೇ ಮರಿ ಮಾಡಿಸುವುದು. ಹುಂಜ ಬದಲಾಯಿಸಿದ ಮೇಲೆ ಮೂರು ನಾಲ್ಕು ವಾರ ಮೊಟ್ಟೆ ಕಾವಿಗೆ ಇಡಬೇಡಿ. ಹಳೆಯ ಹುಂಜದ ವೀರ್ಯಾಣುಗಳು ಹೇಂಟೆಯ ಅಂಡನಾಳದಲ್ಲಿ ಎರಡು ಮೂರು ವಾರ ಜೀವಂತವಾಗಿ ಉಳಿಯುತ್ತವೆ.